ಐಸ್ ಹಾಕಿಯಲ್ಲಿ 14ರ ಡಿಫೆನ್ಸ್ ಹುಡುಗ: ಮುಂದೆ ಬೆಳೆಯುತ್ತಾನಾ ಅಂತ ಏನು ನೋಡಿ ಹೇಳೋದು?

ಮಿಸ್ಸಿಸಾಗಾ ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವು ತಿಪಟೂರಿನವರು. ಮಿಸ್ಸಿಸಾಗಾಗೆ ಬಂದು 16 ವರ್ಷ ಆಯಿತು. ಮಕ್ಕಳನ್ನು ಐಸ್ ಹಾಕಿಗೆ ಸೇರಿಸಿರುವ ಕನ್ನಡದವರು ಇಲ್ಲಿ ಕೆಲವರಾದರೂ ಇದ್ದೀರಿ. ನಿಮ್ಮನ್ನೇ ಕೇಳೋಣ ಅನಿಸಿತು. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ಮಗನಿಗೆ ನವೆಂಬರ್‌ನಲ್ಲಿ 14 ತುಂಬಿತು. ಟೊರೊಂಟೊ ಕಡೆಯ ಮಕ್ಕಳ ಹಾಕಿ ಲೀಗ್ ಜಿಟಿಎಚ್ಎಲ್‌ನಲ್ಲಿ ಅಂಡರ್-15 ಡಬಲ್-ಎ ತಂಡ (ಸಿಂಗಲ್-ಎ ಅದರ ಕೆಳಗೆ, ಟ್ರಿಪಲ್-ಎ ಮೇಲೆ), ಎಡಗಡೆ ಡಿಫೆನ್ಸ್, ಅಂದ್ರೆ ಎದುರಾಳಿಯನ್ನು ತಡೆಯುವ ಹಿಂದಿನ ಜಾಗ. ಏಳು ವರ್ಷದವನಿದ್ದಾಗಿಂದ ಅದೇ ಜಾಗ. ಯಾರೂ ಅಲ್ಲಿ ನಿಲ್ಲಿಸಿದ್ದಲ್ಲ, ತಾನೇ ಹಿಂದೆ ಹೋಗಿ ನಿಂತ. ಯಾಕೋ ಅಂದ್ರೆ, "ಅಲ್ಲಿಂದ ಎಲ್ಲಾ ಕಾಣುತ್ತೆ ಅಮ್ಮ" ಅಂದಿದ್ದ.

ಕಳೆದ 14 ತಿಂಗಳಲ್ಲಿ 11 ಸೆಂಟಿಮೀಟರ್ ಬೆಳೆದಿದ್ದಾನೆ. ಅಡುಗೆಮನೆ ಬಾಗಿಲ ಮೇಲೆ ಪೆನ್ಸಿಲ್ ಗೆರೆ ಎಳೆದಿಟ್ಟಿದ್ದೇನೆ, ಅದರಿಂದ ಲೆಕ್ಕ ಗೊತ್ತು. ಸ್ಕೇಟ್ ಎರಡು ಸಲ ಬದಲಾಯಿಸಿದೆವು. ಬೆಳೆದ ಮೇಲೆ ಆಟ ಕೆಟ್ಟಿತು. ಮೊದಲು ಹಿಮ್ಮುಖವಾಗಿ ಸ್ಕೇಟ್ ಮಾಡೋದು ನೋಡೋಕೇ ಚೆಂದ ಇತ್ತು, ಶಬ್ದವೇ ಬರುತ್ತಿರಲಿಲ್ಲ. ಈಗ ತಿರುಗುವಾಗ ಕಾಲಿಗೆ ಕಾಲು ತೊಡರುತ್ತದೆ. ಎದುರಾಳಿ ಹುಡುಗರು ದಾಟಿಕೊಂಡು ಹೋಗಿಬಿಡುತ್ತಾರೆ. ಹೋದ ವರ್ಷ ಗೋಲು, ಅಸಿಸ್ಟ್ (ಗೋಲಿಗೆ ಕೊಟ್ಟ ಪಾಸ್) ಸೇರಿ 17 ಪಾಯಿಂಟ್ ಇತ್ತು. ಈ ವರ್ಷ 34 ಆಟದಲ್ಲಿ 1 ಗೋಲು, 5 ಅಸಿಸ್ಟ್. ಜನವರಿಯಿಂದ ಮೂರನೇ ಜೋಡಿಗೆ, ಅಂದ್ರೆ ಕಮ್ಮಿ ಆಡಿಸುವ ಕೊನೆಯ ಡಿಫೆನ್ಸ್ ಜೋಡಿಗೆ, ಇಳಿಸಿದ್ದಾರೆ.

ಹೋದ ವಾರ ಕೋಚ್ ಒಬ್ಬರು ಹೇಳಿದರು: ಹುಡುಗ ದೊಡ್ಡವನಾದ, ಆದರೆ ನಿಧಾನ. ವಿಂಗ್‌ಗೆ (ಮುಂದಿನ ಸಾಲಿನ ಪಕ್ಕದ ಜಾಗಕ್ಕೆ) ಹಾಕಿ ನೋಡೋಣ, ಇಲ್ಲಾಂದ್ರೆ ಮುಂದಿನ ವರ್ಷ ಸಿಂಗಲ್-ಎ ಹುಡುಕಿ. ಇದನ್ನು ಹೇಳಿದ್ದು ಪಾರ್ಕಿಂಗ್ ಜಾಗದಲ್ಲಿ. ಮಗ ಬ್ಯಾಗ್ ಹೊತ್ತುಕೊಂಡು ಪಕ್ಕದಲ್ಲೇ ನಿಂತಿದ್ದ. ಮನೆ ಸೇರುವವರೆಗೂ ಒಂದು ಮಾತಾಡಲಿಲ್ಲ.

ಅವನ ಕೋಣೆಯಲ್ಲಿ ಓವನ್ ಪವರ್ ಚಿತ್ರ ಇದೆ. ದೊಡ್ಡ ವೃತ್ತಿಪರ ಲೀಗ್ ಎನ್ಎಚ್ಎಲ್‌ನಲ್ಲಿ ಬಫಲೋ ಪರ ಆಡುವ, ನಮ್ಮ ಮಿಸ್ಸಿಸಾಗಾದಲ್ಲೇ ಹುಟ್ಟಿದ ಹುಡುಗ. ಅವನೂ ನವೆಂಬರ್‌ನವನು ಅನ್ನೋದು ಮಗನಿಗೆ ದೊಡ್ಡ ಸಮಾಧಾನ. ಆದರೆ ಎನ್ಎಚ್ಎಲ್ ಆಸೆ ನನಗಿಲ್ಲ. ನನಗೆ ಬೇಕಾಗಿರೋದು ಒಂದೇ. ಈ ವಯಸ್ಸಿನ ಡಿಫೆನ್ಸ್ ಹುಡುಗನ ಆಟ ಮುಂದೆ ಬೆಳೆಯುತ್ತಾ ಇಲ್ಲವಾ ಅಂತ ಏನು ನೋಡಿ ಹೇಳುತ್ತಾರೆ? ಪಾಯಿಂಟ್ ನೋಡಬೇಕಾ? ವೇಗವಾ? ಏಪ್ರಿಲ್‌ನಲ್ಲಿ ಟ್ರೈಔಟ್ (ತಂಡಕ್ಕೆ ಆಯ್ಕೆ) ಇದೆ, ಅಷ್ಟರೊಳಗೆ ಏನಾದರೂ ತೀರ್ಮಾನ ಮಾಡಬೇಕು.

ಕೊಡಗಿನ ಫುಲ್‌ಬ್ಯಾಕ್, ಕ್ಯಾಲ್ಗರಿ:

ಅಕ್ಕ, ನಮಸ್ಕಾರ. ಮೊದಲು ನನ್ನ ಹಿನ್ನೆಲೆ ಹೇಳಿಬಿಡುತ್ತೇನೆ, ಆಮೇಲೆ ನನ್ನ ಮಾತಿಗೆ ಎಷ್ಟು ತೂಕ ಕೊಡಬೇಕು ಅಂತ ನೀವೇ ನೋಡಿ. ನಾನು ಹುಲ್ಲಿನ ಹಾಕಿಯವನು. 1997ರಲ್ಲಿ ಕರಡದಲ್ಲಿ ಕೊಡವ ಹಾಕಿ ಹಬ್ಬ ಶುರುವಾದಾಗ ನನಗೆ 15. ಆಮೇಲೆ ನಾಲ್ಕು ವರ್ಷ ನಮ್ಮ ಒಕ್ಕದ (ಮನೆತನದ) ತಂಡಕ್ಕೆ ಫುಲ್‌ಬ್ಯಾಕ್ ಆಡಿದೆ. ಕ್ಯಾಲ್ಗರಿಗೆ ಬಂದ ಮೇಲೆ ಸ್ಕೇಟಿಂಗ್ ಕಲಿತೆ. ಒಂಬತ್ತು ವರ್ಷದಿಂದ ಅಂಡರ್-15 ಮಕ್ಕಳಿಗೆ ಸಹಾಯಕ ಕೋಚ್ ಆಗಿದ್ದೇನೆ, ಡಿಫೆನ್ಸ್ ಮಕ್ಕಳು ನನ್ನ ಪಾಲು.

ಪಾಯಿಂಟ್ ಲೆಕ್ಕವನ್ನು ಪಕ್ಕಕ್ಕಿಡಿ. ಪ್ಲಸ್-ಮೈನಸ್ ಲೆಕ್ಕವನ್ನು (ಅವನು ಐಸ್ ಮೇಲಿದ್ದಾಗ ತಂಡ ಹೊಡೆದ ಗೋಲಿನಿಂದ ಬಿಟ್ಟುಕೊಟ್ಟ ಗೋಲು ಕಳೆದದ್ದು) ಇನ್ನೂ ದೂರ ಇಡಿ. ರಾಸ್ಮಸ್ ಡಾಲೀನ್ ಗೊತ್ತಲ್ವಾ? 2018ರ ಎನ್ಎಚ್ಎಲ್ ಡ್ರಾಫ್ಟಿನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವಾಗ) ಬಫಲೋ ಮೊದಲನೇ ಆಯ್ಕೆಯಾಗಿ ತೆಗೆದುಕೊಂಡ ಹುಡುಗ. 2020-21ರಲ್ಲಿ 56 ಆಟದಲ್ಲಿ ಅವನದು ಮೈನಸ್ 36. ತಂಡವೇ ಆ ವರ್ಷ ಸತತ 18 ಆಟ ಸೋತಿತ್ತು. ಹುಡುಗ ಮುಗಿದ ಅಂತ ಎಷ್ಟೋ ಜನ ಹೇಳಿದರು. ಎರಡು ವರ್ಷ ಬಿಟ್ಟು ಅವನೇ 78 ಆಟದಲ್ಲಿ 73 ಪಾಯಿಂಟ್ ಮಾಡಿದ. ಈಗ ತಂಡದ ನಾಯಕ. ಆ ಕೆಟ್ಟ ವರ್ಷದಲ್ಲೂ ಅವನ ಕಣ್ಣು, ಕೈ ಎಲ್ಲಾ ಮೊದಲಿನ ಹಾಗೇ ಇದ್ದವು. ನೋಡೋಕೆ ಗೊತ್ತಿದ್ದವರಿಗೆ ಕಾಣುತ್ತಿತ್ತು.

ಏನು ನೋಡಬೇಕು ಅಂತ ಕೇಳಿದಿರಿ. ನಾನು ನೋಡೋದು ಪಕ್ (ಚೆಂಡಿನ ಬದಲು ಇರುವ ಚಪ್ಪಟೆ ಬಿಲ್ಲೆ) ಕೈಗೆ ಬರೋಕೆ ಮುಂಚಿನ ಎರಡು ಸೆಕೆಂಡ್.

ಎದುರಾಳಿ ಪಕ್ಕನ್ನು ನಮ್ಮ ಮೂಲೆಗೆ ತಳ್ಳುತ್ತಾನೆ. ನಿಮ್ಮ ಮಗ ಅದನ್ನು ತರೋಕೆ ಹಿಂದೆ ತಿರುಗಿ ಓಡುತ್ತಾನೆ. ಬೆನ್ನ ಹಿಂದೆ ಒಬ್ಬ ಅಟ್ಟಿಸಿಕೊಂಡು ಬರುತ್ತಿರುತ್ತಾನೆ. ಆಗ ನಿಮ್ಮ ಮಗ ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಾನಾ? ಒಳ್ಳೆಯ ಹುಡುಗ ಎರಡು ಸಲ ನೋಡುತ್ತಾನೆ. ತಿರುಗುವಾಗ ಒಂದು ಸಲ, ಪಕ್ ಮುಟ್ಟುವ ಮುಂಚೆ ಇನ್ನೊಂದು ಸಲ. ಯಾವ ಕಡೆಯಿಂದ ಬರುತ್ತಿದ್ದಾನೆ, ನಮ್ಮವರು ಎಲ್ಲಿದ್ದಾರೆ ಅಂತ ಅಷ್ಟರಲ್ಲೇ ತಿಳಿದುಕೊಂಡಿರುತ್ತಾನೆ. ನೋಡದ ಹುಡುಗ ಪಕ್ ಮುಟ್ಟಿದ ಮೇಲೆ ಯೋಚನೆ ಶುರು ಮಾಡುತ್ತಾನೆ. ಅಷ್ಟು ಹೊತ್ತಿಗೆ ಬೋರ್ಡಿಗೆ, ಅಂದ್ರೆ ರಿಂಕಿನ ಗೋಡೆಗೆ, ಒರಗಿಸಿಬಿಟ್ಟಿರುತ್ತಾರೆ. ಹುಲ್ಲಿನ ಹಾಕಿಯಲ್ಲೂ ನಮ್ಮ ಮಾಸ್ತರು ಇದನ್ನೇ ಬೈದು ಬೈದು ಕಲಿಸಿದ್ದರು. ಚೆಂಡು ನೋಡಬೇಡ, ಚೆಂಡು ಬಂದೇ ಬರುತ್ತೆ, ಮೈದಾನ ನೋಡು ಅನ್ನುತ್ತಿದ್ದರು.

ಇನ್ನೊಂದು, ಎದುರಾಳಿ ನಮ್ಮ ಕಡೆಯ ನೀಲಿ ಗೆರೆ (ಬ್ಲೂ ಲೈನ್) ದಾಟುವಾಗ ನಿಮ್ಮ ಮಗ ಅವನಿಂದ ಎಷ್ಟು ದೂರದಲ್ಲಿರುತ್ತಾನೆ ಅನ್ನೋದು. ಒಂದೂವರೆ ಕೋಲಿನಷ್ಟು ದೂರ ಇದ್ದರೆ ಚೆನ್ನಾಗಿ ಆಡುತ್ತಿದ್ದಾನೆ ಅಂತ. ಭಯ ಇರುವ ಹುಡುಗ ಹಿಂದೆ ಹಿಂದೆ ಸರಿದು ಗೋಲ್‌ಕೀಪರ್ ಮಡಿಲಿಗೇ ಹೋಗುತ್ತಾನೆ. ನಿಮ್ಮ ಮಗನಿಗೆ ಈಗ ಕಾಲಿನ ಮೇಲೆ ನಂಬಿಕೆ ಕಮ್ಮಿ ಆಗಿದೆ. ಅದಕ್ಕೇ ಜಾಸ್ತಿ ಜಾಗ ಬಿಡುತ್ತಿರಬಹುದು. ಅದು ಸರಿಹೋಗುತ್ತೆ. ಆಮೇಲೆ ಪಕ್ ಸಿಕ್ಕಿದಾಗಿನ ಮೊದಲ ಪಾಸ್. ಸುಮ್ನೆ ಗಾಜಿಗೆ ಹೊಡೆದು ಆಚೆ ಕಳಿಸುತ್ತಾನಾ, ಇಲ್ಲಾ ಜೊತೆಯವನ ಕೋಲಿಗೆ ಕೊಡುತ್ತಾನಾ?

ದೊಡ್ಡ ಮೈಕಟ್ಟಿನ ಡಿಫೆನ್ಸ್ ಹುಡುಗರಿಗೆ ಸಮಯ ಬೇಕು. ವಿಕ್ಟರ್ ಹೆಡ್‌ಮನ್ 2009ರಲ್ಲಿ ಎರಡನೇ ಆಯ್ಕೆ. ಮೊದಲ ನಾಲ್ಕು ವರ್ಷ ಅವನ ಪಾಯಿಂಟ್ 20, 26, 23, 20. ಐದನೇ ವರ್ಷ 55. ಎನ್ಎಚ್ಎಲ್‌ನ ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಕೊಡುವ ನಾರಿಸ್ ಟ್ರೋಫಿ ಬಂದಿದ್ದು 2018ರಲ್ಲಿ. ಅವನು ಸಿಕ್ಕಿದ್ದು ಕಾಯುವ ತಂಡಕ್ಕೆ.

ಒಂಬತ್ತು ವರ್ಷದಲ್ಲಿ ನಾನು ನೋಡಿದ ಮಟ್ಟಿಗೆ, ಕಾಲು ಹಿಂದೆ ಬಿದ್ದ ಹುಡುಗರು ಮುಂದೆ ಬಂದಿದ್ದಾರೆ. ಕಣ್ಣು ಹಿಂದೆ ಬಿದ್ದವರು ಬಂದಿದ್ದು ತೀರಾ ಕಮ್ಮಿ. ಹಾಗಾಗಿ ವಿಂಗ್‌ಗೆ ಹಾಕೋದು ಈಗಲೇ ಬೇಡ. "ಅಲ್ಲಿಂದ ಎಲ್ಲಾ ಕಾಣುತ್ತೆ" ಅಂತ ಏಳು ವರ್ಷಕ್ಕೇ ಹೇಳಿದ ಹುಡುಗ ಅವನು, ಅಕ್ಕ. ಆ ಮಾತು ಓದಿದ ಮೇಲೇ ಇಷ್ಟೆಲ್ಲಾ ಬರೆಯೋಕೆ ಕೂತೆ.

ಒಂದು ಕೆಲಸ ಮಾಡಿ. ಮೂರು ಆಟ ಮೇಲಿನ ಸಾಲಿನಲ್ಲಿ ಕೂತು ಫೋನಿನಲ್ಲಿ ವಿಡಿಯೋ ತೆಗೀರಿ. ಪಕ್ಕಿನ ಹಿಂದೆ ಹೋಗಬೇಡಿ, ಮಗನನ್ನೇ ಹಿಡಿಯಿರಿ. ಮನೆಯಲ್ಲಿ ಕೂತು ಎಣಿಸಿ. ಎಷ್ಟು ಸಲ ಪಕ್ ತರೋಕೆ ಹೋದ, ಎಷ್ಟು ಸಲ ಹಿಂದೆ ನೋಡಿದ, ಎಷ್ಟು ಸಲ ಅವನನ್ನು ದಾಟಿ ಹೋದರು, ಯಾವ ಕಡೆಯಿಂದ.

ಎಣ್ಣೆ ಊರಿನವ, ಫೋರ್ಟ್ ಮೆಕ್‌ಮರಿ:

ಮೇಲಿನವರ ಮಾತು ಬಹುಪಾಲು ಒಪ್ಪುತ್ತೇನೆ. ನಾನು ಕೋಚ್ ಅಲ್ಲ, ನೋಡುವವನು. ಆದರೆ 2010ರಿಂದ 2012ರವರೆಗೆ ಇಲ್ಲಿ ಆಯಿಲ್ ಬ್ಯಾರನ್ಸ್ ತಂಡದ ಆಟಕ್ಕೆ ತಪ್ಪದೆ ಹೋಗುತ್ತಿದ್ದೆ. ಚಳಿಗಾಲದಲ್ಲಿ ಇಲ್ಲಿ ಬೇರೆ ಏನು ಮಾಡೋಕೂ ಇಲ್ಲ. ಆ ತಂಡದಲ್ಲಿ ಕೋಲ್ಟನ್ ಪರೇಕೊ ಅಂತ ಒಬ್ಬ ಡಿಫೆನ್ಸ್ ಹುಡುಗ. 2011ರ ಎನ್ಎಚ್ಎಲ್ ಡ್ರಾಫ್ಟಿಗೆ ಅವನ ವಯಸ್ಸು ಬಂದಿತ್ತು. ಯಾರೂ ಕರೆಯಲಿಲ್ಲ. ಮುಂದಿನ ವರ್ಷ ಸೇಂಟ್ ಲೂಯಿಸ್ 86ನೇ ಆಯ್ಕೆಯಾಗಿ ತೆಗೆದುಕೊಂಡಿತು. ಅಲ್ಲಿಂದ ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಯೂನಿವರ್ಸಿಟಿಗೆ ಹೋಗಿ ಮೂರು ವರ್ಷ ಆಡಿದ. 2019ರಲ್ಲಿ ಎನ್ಎಚ್ಎಲ್ ಗೆದ್ದವರಿಗೆ ಕೊಡುವ ಸ್ಟ್ಯಾನ್ಲಿ ಕಪ್ ಎತ್ತಿದ. ನಾನು ಟಿವಿ ಮುಂದೆ ಎದ್ದು ನಿಂತು ನೋಡಿದೆ.

ಅದೇ 2012ರ ಡ್ರಾಫ್ಟ್ ನೋಡಿ. ಮೊದಲ ಹತ್ತರಲ್ಲಿ ಎಂಟು ಜನ ಡಿಫೆನ್ಸ್‌ನವರು. ಐದನೆಯವನಾಗಿ ಟೊರೊಂಟೊಗೆ ಬಂದ ಮಾರ್ಗನ್ ರೈಲಿ ಚೆನ್ನಾಗಿ ಬೆಳೆದ. ಅವನಿಗಿಂತ ಒಂದು ಮುಂಚೆ, ನಾಲ್ಕನೆಯವನಾಗಿ ಹೋದ ಗ್ರಿಫಿನ್ ರೈನ್‌ಹಾರ್ಟ್ ಎನ್ಎಚ್ಎಲ್‌ನಲ್ಲಿ ಒಟ್ಟು ಆಡಿದ್ದು 37 ಆಟ. 120ನೇ ಜಾಗದಲ್ಲಿ ಕೆರೊಲೈನಾಗೆ ಸಿಕ್ಕಿದ ಜೇಕಬ್ ಸ್ಲೇವಿನ್ ಇವತ್ತು ಎಂಥ ಆಟಗಾರ! 2020-21ರಲ್ಲಿ 52 ಆಟ ಆಡಿ ಅವನಿಗೆ ಬಿದ್ದಿದ್ದು ಎರಡೇ ನಿಮಿಷದ ಪೆನಲ್ಟಿ. ಡಿಫೆನ್ಸ್ ಆಡಿ ಹಾಗಿರೋದು ಎಂಥ ಕಷ್ಟ ಅಂತ ಗೊತ್ತಿರುವವರಿಗೆ ಗೊತ್ತು. ಮೈಮೇಲೆ ಬೀಳೋದಿಲ್ಲ, ಕೋಲು ಸರಿಯಾದ ಜಾಗದಲ್ಲಿ ಇಟ್ಟಿರುತ್ತಾನೆ, ಅಷ್ಟೇ. ಊರೂರು ಸುತ್ತಿ ಹುಡುಗರನ್ನು ನೋಡೋದೇ ಕಸುಬಾಗಿರುವ ಜನ, 18 ವರ್ಷದ ಹುಡುಗರ ವಿಷಯದಲ್ಲೇ ಇಷ್ಟು ತಪ್ಪುತ್ತಾರೆ. ನಿಮ್ಮವನಿಗೆ 14.

ಒಂದು ಕಡೆ ಮಾತ್ರ ನನ್ನ ಅಭಿಪ್ರಾಯ ಬೇರೆ. ವಿಂಗ್‌ನಲ್ಲಿ ನಾಲ್ಕು ಆಟ ಆಡಿದರೆ ಹಾಳಾಗಲ್ಲ. ಬ್ರೆಂಟ್ ಬರ್ನ್ಸ್ ಡ್ರಾಫ್ಟ್ ಆಗಿದ್ದೇ ಫಾರ್ವರ್ಡ್ ಆಗಿ. ಮಿನೆಸೋಟಾದಲ್ಲಿ ಡಿಫೆನ್ಸ್‌ಗೆ ಬಂದ, ಸ್ಯಾನ್ ಹೋಸೆಯಲ್ಲಿ ಮತ್ತೆ ಫಾರ್ವರ್ಡ್ ಆಡಿದ, ಮತ್ತೆ ಹಿಂದೆ ಬಂದು 2017ರಲ್ಲಿ ನಾರಿಸ್ ಗೆದ್ದ. ಎದುರಾಳಿ ಹೇಗೆ ಯೋಚನೆ ಮಾಡುತ್ತಾನೆ ಅಂತ ಮುಂದೆ ಆಡಿದಾಗ ಗೊತ್ತಾಗುತ್ತೆ. ಮಗನೇ ಇಷ್ಟಪಟ್ಟರೆ ಮಾತ್ರ.

ಫಿಸಿಯೋ, ಲಂಡನ್ ಒಂಟಾರಿಯೋ:

ಮೇಡಂ, ಚಿಕ್ಕದಾಗಿ ಹೇಳುತ್ತೇನೆ. ಒಂದೇ ವರ್ಷದಲ್ಲಿ ಇಷ್ಟು ಬೆಳೆದ ಹುಡುಗನ ಮೂಳೆ ಉದ್ದವಾಗಿಬಿಟ್ಟಿರುತ್ತದೆ, ಸ್ನಾಯು ಆ ಉದ್ದಕ್ಕೆ ಇನ್ನೂ ಹೊಂದಿಕೊಂಡಿರಲ್ಲ. ತೊಡೆ, ಸೊಂಟ ಬಿಗಿಯಾಗಿರುತ್ತದೆ. ಆಗ ಆಳವಾಗಿ ಕೂರೋಕೆ ಆಗಲ್ಲ. ಕೂರದೆ ಹಿಂದಕ್ಕೆ ಸ್ಕೇಟ್ ಮಾಡೋಕೆ ಆಗಲ್ಲ. ಮಂಡಿ ಚಿಪ್ಪಿನ ಕೆಳಗೆ ಉಬ್ಬು, ಮುಟ್ಟಿದರೆ ನೋವು ಇದೆಯಾ ಅಂತ ಕೇಳಿ. ಈ ವಯಸ್ಸಿನಲ್ಲಿ ಅದು ತುಂಬಾ ಸಾಮಾನ್ಯ. ಮಕ್ಕಳು ತಂಡದಿಂದ ತೆಗೆದಾರು ಅಂತ ಹೇಳೋದೇ ಇಲ್ಲ. ಇದ್ದರೆ ಡಾಕ್ಟರಿಗೆ ತೋರಿಸಿ.

ಇನ್ನೆರಡು ಸಣ್ಣ ವಿಷಯ. ಸ್ಕೇಟ್ ಸಾಣೆ ಹಿಡಿಸುವಾಗ ಬ್ಲೇಡಿನ ತಳದಲ್ಲಿ ಎಷ್ಟು ಗುಳಿ ಕೊಡಿಸುತ್ತಿದ್ದೀರಿ? ಹಗುರ ಇದ್ದಾಗಿನ ಅರ್ಧ ಇಂಚೇ ಈಗಲೂ ಇದ್ದರೆ, ಮೈ ತೂಕ ಏರಿದ ಮೇಲೆ ಬ್ಲೇಡ್ ಐಸ್‌ಗೆ ಜಾಸ್ತಿ ಕಚ್ಚುತ್ತದೆ. ಕಾಲು ತೊಡರಿದ ಹಾಗೆ ಆಗುತ್ತದೆ. ಗುಳಿ ಕಮ್ಮಿ ಆಗುವ ಐದು-ಎಂಟಾಂಶ (5/8) ಇಂಚಿನದ್ದು ಒಂದು ಸಲ ಮಾಡಿಸಿ ನೋಡಿ. ಕೋಲು ಸ್ಕೇಟ್ ಹಾಕಿ ನಿಂತಾಗ ಗಲ್ಲದ ಹತ್ತಿರ ಬರಬೇಕು. ಹಳೇ ಕೋಲೇ ಇದ್ದರೆ ಎದೆಗೆ ಬರುತ್ತಿರುತ್ತದೆ, ಸೊಂಟದಲ್ಲಿ ಬಗ್ಗಿ ಆಡುತ್ತಿರುತ್ತಾನೆ.

ಬ್ರಾಂಪ್ಟನ್ ಅಪ್ಪ:

ನಾನು ಸ್ವಲ್ಪ ಬೇರೆ ಮಾತು ಹೇಳಬೇಕು. ನನ್ನ ಮಗನೂ ಡಿಫೆನ್ಸ್. ಅಂಡರ್-14ರಲ್ಲಿ ಟ್ರಿಪಲ್-ಎಗೆ ಹೋದ. ನಾನೇ ಒತ್ತಾಯ ಮಾಡಿದೆ. ಎರಡು ವರ್ಷ ಅವನು ಮೂರನೇ ಜೋಡಿಯಲ್ಲೇ ಇದ್ದ, ಕೊನೆಯ ಹತ್ತು ನಿಮಿಷ ಬೆಂಚು. ಅಂಡರ್-16 ಮುಗಿದಾಗ ಬಿಟ್ಟುಬಿಟ್ಟ. ಗ್ಯಾರೇಜಿನಲ್ಲಿ ಅವನ ಸ್ಕೇಟ್ ಇನ್ನೂ ಹಾಗೇ ನೇತಾಡುತ್ತಿದೆ. ಡಬಲ್-ಎನಲ್ಲೇ ಬಿಟ್ಟಿದ್ದರೆ ಪ್ರತಿ ಆಟದಲ್ಲಿ ಇಪ್ಪತ್ತು ನಿಮಿಷ ಆಡುತ್ತಿದ್ದ, ಇವತ್ತಿಗೂ ಆಡುತ್ತಿದ್ದ ಅಂತ ನನಗೆ ಅನಿಸುತ್ತದೆ. ಡಿಫೆನ್ಸ್ ಕಲಿಯೋದು ತಪ್ಪು ಮಾಡಿ, ಮತ್ತೆ ಐಸ್‌ಗೆ ಇಳಿದು. ಬೆಂಚಿನ ಮೇಲೆ ಕೂತು ಅದು ಬರಲ್ಲ. ಹಾಗಾಗಿ ತಂಡದ ಹೆಸರು, ಎ ಎಷ್ಟು ಅನ್ನೋದು ನೋಡಬೇಡಿ. ಎರಡನೇ ಜೋಡಿಯಲ್ಲಾದರೂ ಆಡಿಸುವ ಕೋಚ್ ಯಾರು ಅಂತ ನೋಡಿ.

ಮುಂದಿನ ವರ್ಷ ಅಂಡರ್-16, ಒಂಟಾರಿಯೋದ ಜೂನಿಯರ್ ಲೀಗ್ ಓಎಚ್ಎಲ್‌ನ ಡ್ರಾಫ್ಟ್ ವರ್ಷ. ಎಲ್ಲರೂ ಹೆದರಿಸುತ್ತಾರೆ. ಹೆದರಬೇಡಿ. ನಿಮ್ಮ ಮಗನ ಓವನ್ ಪವರ್ ಇದ್ದಾನಲ್ಲ, 2018ರಲ್ಲಿ ಓಎಚ್ಎಲ್‌ನಲ್ಲಿ ಫ್ಲಿಂಟ್ ತಂಡ ಅವನನ್ನು ತೆಗೆದುಕೊಂಡಿದ್ದು ಎರಡನೇ ಸುತ್ತಿನಲ್ಲಿ. ಅವನು ಅಲ್ಲಿಗೆ ಹೋಗಲೇ ಇಲ್ಲ. ಶಿಕಾಗೋ ಸ್ಟೀಲ್ ತಂಡ, ಆಮೇಲೆ ಮಿಶಿಗನ್ ಯೂನಿವರ್ಸಿಟಿ. 2021ರಲ್ಲಿ ಎನ್ಎಚ್ಎಲ್‌ನ ಮೊದಲನೇ ಆಯ್ಕೆ ಆದ ಮೇಲೂ ಇನ್ನೊಂದು ವರ್ಷ ಕಾಲೇಜಿಗೇ ವಾಪಸ್ ಹೋದ. 6 ಅಡಿ 6 ಇಂಚಿನ ಆಳು, ಆದರೂ ಮೈ ಬಳಸಿ ಆಡಲ್ಲ ಅಂತ ಇವತ್ತಿಗೂ ಅವನನ್ನು ಟೀಕೆ ಮಾಡುತ್ತಾರೆ. ಅವನ ಬಲ ಇರೋದು ಪಾಸ್‌ನಲ್ಲಿ, ತಾಳ್ಮೆಯಲ್ಲಿ. ಇನ್ನೊಂದು ಒಳ್ಳೆಯ ಬದಲಾವಣೆ ಆಗಿದೆ. ಮೊದಲು ಓಎಚ್ಎಲ್‌ನಲ್ಲಿ ಆಡಿದರೆ ಅಮೆರಿಕದ ಕಾಲೇಜು ಹಾಕಿ ಬಾಗಿಲು ಮುಚ್ಚುತ್ತಿತ್ತು. 2025ರ ಆಗಸ್ಟ್‌ನಿಂದ ಆ ನಿಯಮ ಇಲ್ಲ. ದಾರಿಗಳು ಜಾಸ್ತಿ ಆಗಿವೆ. 15ಕ್ಕೇ ಎಲ್ಲಾ ತೀರ್ಮಾನ ಆಗಬೇಕಾಗಿಲ್ಲ.

ನವೆಂಬರ್ ಹುಟ್ಟಿನ ವಿಷಯ ಯಾರೂ ಹೇಳಲಿಲ್ಲ. ಇಲ್ಲಿ ವಯಸ್ಸು ಲೆಕ್ಕ ಹಾಕೋದು ಜನವರಿ 1ರಿಂದ. ಅವನ ತಂಡದ ಜನವರಿ ಹುಡುಗ ಇವನಿಗಿಂತ ಹತ್ತು ತಿಂಗಳು ದೊಡ್ಡವನು. 14ರಲ್ಲಿ ಹತ್ತು ತಿಂಗಳು ಅಂದ್ರೆ ಸಣ್ಣ ಮಾತಲ್ಲ. ಅದರ ಜೊತೆ ಬಾಡಿ ಚೆಕಿಂಗ್, ಅಂದ್ರೆ ಮೈಯಿಂದ ಗುದ್ದಿ ತಡೆಯೋದು. 2013ರಲ್ಲಿ ಹಾಕಿ ಕೆನಡಾ ಪೀವೀ (11-12 ವರ್ಷದ) ಹಂತದಲ್ಲಿ ಅದನ್ನು ನಿಲ್ಲಿಸಿದ ಮೇಲೆ ಮಕ್ಕಳು ಮೊದಲ ಸಲ ಮೈಗೆ ಮೈ ಕೊಟ್ಟು ಆಡೋದೇ 13-14ರಲ್ಲಿ. ಹೊಸ ಕಾಲು, ಹೊಸ ಪೆಟ್ಟು, ಎರಡೂ ಒಟ್ಟಿಗೆ ಬಂದಿವೆ ಅವನಿಗೆ.

ಮಿಸ್ಸಿಸಾಗಾ ಅಮ್ಮ:

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರಿಗೂ ಮನಸಾರೆ ಧನ್ಯವಾದ.

ಮಂಡಿ ನೋವು ಇತ್ತು. ಎಡ ಮಂಡಿ. ಡಿಸೆಂಬರ್‌ನಿಂದ ಇತ್ತಂತೆ. ಯಾಕೆ ಹೇಳಲಿಲ್ಲ ಅಂದ್ರೆ ತಲೆ ತಗ್ಗಿಸಿದ. ಡಾಕ್ಟರಿಗೆ ತೋರಿಸಿದೆವು, ವ್ಯಾಯಾಮ ಕೊಟ್ಟಿದ್ದಾರೆ, ಒಂದು ವಾರ ಐಸ್‌ನಿಂದ ದೂರ ಇಟ್ಟೆವು. ಸಾಣೆ ಬದಲಾಯಿಸಿದೆವು. ಕೋಲು ಎರಡೂವರೆ ಇಂಚು ಗಿಡ್ಡ ಆಗಿತ್ತು.

ಮೂರು ಆಟ ವಿಡಿಯೋ ತೆಗೆದೆ. ಮೊದಲ ಆಟದಲ್ಲಿ 22 ಸಲ ಪಕ್ ತರೋಕೆ ಹೋದ, 17 ಸಲ ಹಿಂದೆ ನೋಡಿದ. ಎರಡನೆಯದರಲ್ಲಿ 19ಕ್ಕೆ 15. ಮೂರನೆಯದರಲ್ಲಿ 25ಕ್ಕೆ 21. ಹೋಲಿಸಿ ನೋಡೋಣ ಅಂತ ಮೊದಲ ಜೋಡಿಯ ಹುಡುಗನದೂ ಒಂದು ಆಟ ಎಣಿಸಿದೆ, ಅವನದು 24ಕ್ಕೆ 9. ಆ ಹುಡುಗ ನಮ್ಮವನಿಗಿಂತ ತುಂಬಾ ವೇಗ, ಅದು ನಿಜ. ಎರಡು ಸಲ ಎಣಿಸಿದೆ, ತಪ್ಪಿಲ್ಲ.

ಮೂರೂ ಆಟ ಸೇರಿ ನಮ್ಮವನನ್ನು 7 ಸಲ ದಾಟಿ ಹೋಗಿದ್ದಾರೆ. ಅದರಲ್ಲಿ 6 ಸಲ ಅವನ ಬಲಗಡೆಯಿಂದ, ರಿಂಕಿನ ನಡುವಿಗೆ ನುಗ್ಗಿದಾಗ. ಬೋರ್ಡ್ ಕಡೆಯಿಂದ ಒಂದೇ ಸಲ. ಇದು ಏನು?

ಕೊಡಗಿನ ಫುಲ್‌ಬ್ಯಾಕ್, ಕ್ಯಾಲ್ಗರಿ:

ಅಕ್ಕ, ಇಷ್ಟು ಚೆನ್ನಾಗಿ ಎಣಿಸಿದ್ದೀರಲ್ಲ! 66 ಸಲದಲ್ಲಿ 53 ಸಲ ಹಿಂದೆ ನೋಡಿದ್ದಾನೆ. ನಾನು ಈ ವರ್ಷ ಕಲಿಸುತ್ತಿರುವ ಆರು ಹುಡುಗರಲ್ಲಿ ಇಷ್ಟು ನೋಡುವವನು ಒಬ್ಬನೇ. ಈ ಹುಡುಗನನ್ನು ಹಿಂದೆಯೇ ಆಡಿಸಿ.

ನಿಮ್ಮ ಇನ್ನೊಂದು ಲೆಕ್ಕದಿಂದ ಅವನು "ನಿಧಾನ" ಅನ್ನೋ ಮಾತೂ ತಪ್ಪು ಅಂತ ಗೊತ್ತಾಯಿತು. ನಿಧಾನ ಆಗಿದ್ದರೆ ಬೋರ್ಡ್ ಕಡೆಯಿಂದಲೂ ದಾಟುತ್ತಿದ್ದರು. ಅವನಿಗೆ ಕೈಕೊಡುತ್ತಿರೋದು ಬಲಕ್ಕೆ ತಿರುಗುವ ಒಂದು ತಿರುವು ಮಾತ್ರ. ಹಿಮ್ಮುಖದಿಂದ ಬಲಕ್ಕೆ ತಿರುಗಬೇಕಾದರೆ ತೂಕ ಎಡಗಾಲಿನ ಮೇಲಿರಬೇಕು, ಬಲ ಸೊಂಟ ತೆರೀಬೇಕು, ಎಡ ಬ್ಲೇಡಿನ ಒಳ ಅಂಚಿನಿಂದ ತಳ್ಳಬೇಕು. ನೋವಿದ್ದದ್ದು ಯಾವ ಮಂಡಿ ಅಂದಿರಿ? ಎಡ. ನೋಯುವ ಕಾಲಿನ ಮೇಲೆ ಯಾರು ತಾನೇ ತೂಕ ಹಾಕುತ್ತಾರೆ? ಅದಕ್ಕೇ ಅರ್ಧ ತಿರುಗಿ ನಿಲ್ಲುತ್ತಿದ್ದಾನೆ.

ಡಾಕ್ಟರ್ ಸರಿ ಅಂದ ಮೇಲೆ, ದಿನಾ ಹತ್ತು ನಿಮಿಷ ಮನೆಯಲ್ಲೇ ಶೂ ಹಾಕಿಕೊಂಡು ಆ ತಿರುವು ಮಾಡಿಸಿ. ನಿಧಾನಕ್ಕೆ. ಐಸ್ ಮೇಲೆ ಮೊದಲು ಪಕ್ ಇಲ್ಲದೆ, ಎದುರಾಳಿ ಇಲ್ಲದೆ. ವೇಗ ಆಮೇಲೆ. ಟ್ರೈಔಟ್ ಹೊತ್ತಿಗೆ ಪೂರ್ತಿ ಸರಿಹೋಗಲ್ಲ, ಸುಳ್ಳು ಹೇಳಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಸರಿಹೋಗುತ್ತೆ.

ಮಿಸ್ಸಿಸಾಗಾ ಅಮ್ಮ:

ನೀವು ಬರೆದಿದ್ದನ್ನು ಮಗನಿಗೆ ಕನ್ನಡದಲ್ಲೇ ಓದಿ ಹೇಳಿದೆ. ಎಡಗಾಲಿನ ಮಾತು ಬಂದಾಗ ಎದ್ದು ನಿಂತು ಅಲ್ಲೇ ಹಾಲ್‌ನಲ್ಲಿ ತಿರುಗಿ ನೋಡಿದ. "ಹೌದಮ್ಮ, ಅಲ್ಲೇ ಹೆದರ್ಕೊಳ್ತೀನಿ" ಅಂದ. ಆಮೇಲೆ ವಿಡಿಯೋ ಹಾಕು ಅಂದ. ನಾನು ಎಣಿಸಿದ್ದ ಆರು ಜಾಗವನ್ನೂ ಒಂದೊಂದಾಗಿ ನಿಲ್ಲಿಸಿ ನಿಲ್ಲಿಸಿ ನೋಡಿದ. ಆರನೆಯದನ್ನು ನಾಲ್ಕು ಸಲ.

ವಿಂಗ್ ಬೇಡ ಅಂತ ಅವನೇ ಹೇಳಿದ. ಏಪ್ರಿಲ್‌ನಲ್ಲಿ ಎರಡು ಡಬಲ್-ಎ ತಂಡಗಳ ಟ್ರೈಔಟ್‌ಗೆ ಹೋಗುತ್ತೇವೆ, ಎರಡರಲ್ಲೂ ಡಿಫೆನ್ಸ್‌ಗೇ. ಎಷ್ಟು ಹೊತ್ತು ಆಡಿಸುತ್ತೀರಿ ಅಂತ ನಾನೇ ಮೊದಲು ಕೇಳುತ್ತೇನೆ. ಟ್ರಿಪಲ್-ಎ ಮಾತು ಸದ್ಯಕ್ಕಿಲ್ಲ.

ಗುರುವಾರ ಬೆಳಿಗ್ಗೆ 6:15ಕ್ಕೆ ಅರ್ಧ ಗಂಟೆ ಐಸ್ ಸಿಕ್ಕಿದೆ. ಪಕ್ ತಗೊಂಡು ಹೋಗಲ್ಲ.